ಶಾಕಾಹಾರಿ ಬಿಲ್ಡಿಂಗಿನ ಮಾಂಸಾಹಾರಿ ಅಳಿಯ

ಗದಿಗೆಪ್ಪನಿಗೆ ಬಿಪಿ ಶುರುವಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಡಾಕ್ಟರು ಮೂರು ಉಪಾಯ ಹೇಳಿದರು: ದಿನಕ್ಕೊಂದು ಗುಳಿಗೆ, ಊಟದಲ್ಲಿ ಉಪ್ಪು ಕಡಿಮೆ, ಸಂಜೆ ಅರ್ಧ ತಾಸು ಮೀನಿನ ತೊಟ್ಟಿಯ ಮುಂದೆ ಸುಮ್ಮನೆ ಕೂಡುವುದು. ಡಾಕ್ಟರ ಮನಸ್ಸಿನಲ್ಲಿದ್ದದ್ದು ಗಾಜಿನ ಬೋಗುಣಿಯಲ್ಲಿ ಎರಡು ಗೋಲ್ಡ್‌ಫಿಶ್. ಗದಿಗೆಪ್ಪ ಗುಳಿಗೆ ಮರೆಯುತ್ತಿದ್ದ, ಉಪ್ಪನ್ನು ಹೆಂಡತಿ ಆಚೆ ತಿರುಗಿದಾಗ ಉದುರಿಸಿಕೊಳ್ಳುತ್ತಿದ್ದ. ಮೂರನೆಯದನ್ನು ಮಾತ್ರ ಎಷ್ಟು ಮನಸ್ಸಿಟ್ಟು ಮಾಡಿದನೆಂದರೆ, ವರ್ಷ ತುಂಬುವುದರೊಳಗೆ ಅವನ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಸಮುದ್ರವೊಂದು ಬಂದು ಕೂತಿತ್ತು. ಮನೆಗೆ ಉಪ್ಪು ಈಗ ಬಕೆಟ್ಟುಗಳಲ್ಲಿ ಬರುತ್ತಿತ್ತು.

ಇದಕ್ಕೆಲ್ಲ ಮೂಲ ಅವನ ಕಸುಬು. ಸಿಂದಗಿ ಕಡೆಯಿಂದ ಐಟಿಐ ಮುಗಿಸಿ ಮುಂಬಯಿಗೆ ಬಂದ ಗದಿಗೆಪ್ಪ, ಇಪ್ಪತ್ತೆಂಟು ವರ್ಷದಿಂದ ಜೋಗೇಶ್ವರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪ್ರೆಷರ್ ಗೇಜುಗಳ ಮುಳ್ಳು ಸರಿಯಾಗಿ ತೋರಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದ. ಬಾಯ್ಲರಿನದೇ ಇರಲಿ, ಕಂಪ್ರೆಸರಿನದೇ ಇರಲಿ, ಗೇಜು ಹೇಳುವ ಸುಳ್ಳನ್ನು ಹಿಡಿಯುವುದು ಅವನ ಕೆಲಸ. ಆ ಚಟ ಮನೆಗೂ ಹತ್ತಿಕೊಂಡಿತ್ತು. ಭಾಜಿಯವನ ತಕ್ಕಡಿಯನ್ನು ಅವನು ನಂಬುತ್ತಿರಲಿಲ್ಲ, ಸ್ಟೇಷನ್ನಿನ ಗಡಿಯಾರವನ್ನೂ ನಂಬುತ್ತಿರಲಿಲ್ಲ. "ಡಾಕ್ಟ್ರ, ನಿಮ್ಮ ಮಷೀನು ಆರು ಪಾಯಿಂಟ್ ಹೆಚ್ಚ ತೋರಸ್ತದ" ಎಂದು ಮೊದಲ ದಿನವೇ ಬಿಪಿ ಡಾಕ್ಟರಿಗೆ ಹೇಳಿ ಬಂದಿದ್ದ. ಅಂಥವನ ಕೈಗೆ ಉಪ್ಪುನೀರಿನ ತೊಟ್ಟಿ ಸಿಕ್ಕಿತು. ಉಪ್ಪು ಎಷ್ಟು, ತಾಪ ಎಷ್ಟು, ಸುಣ್ಣ ಎಷ್ಟು ಎಂದು ದಿನಕ್ಕೆ ನಾಲ್ಕು ಸಲ ಅಳೆಯುವುದು, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುವುದು. ಕಲ್ಲುಗಳ ಮೇಲೆ ಹವಳ ಬೆಳೆಯತೊಡಗಿದವು. ನೀರು ತಣ್ಣಗಿಡುವ ಯಂತ್ರ ಹಗಲೂರಾತ್ರಿ ಗುಂಯ್ ಎನ್ನುತ್ತಿತ್ತು. ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು ಹಾಕಿದ್ದನ್ನೆಲ್ಲ ತಿಂದು ಒಂದು ತಕರಾರೂ ಇಲ್ಲದೆ ಈಜಾಡಿಕೊಂಡಿದ್ದವು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಜೋಗೇಶ್ವರಿ ಸ್ಟೇಷನ್ನಿನಿಂದ ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲಿ ದೂಜ ಪೂಜಾರಿಯ ಅಂಗಡಿ. ಕಾರ್ಕಳ ಕಡೆಯ ದೂಜ ಇಪ್ಪತ್ತು ವರ್ಷ ಬಾಂದ್ರಾದ ಹೋಟೆಲಿನಲ್ಲಿ ಮೀನು ಹುರಿದವನು. ಮೊಣಕಾಲು ಕೈಕೊಟ್ಟ ಮೇಲೆ ಜೀವಂತ ಮೀನಿನ ಅಂಗಡಿ ಇಟ್ಟಿದ್ದ. "ಹುರಿದ ಪಾಪಕ್ಕೆ ಈಗ ಸಾಕ್ತಾ ಇದ್ದೇನೆ ಸಾರ್" ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಒಂದು ದಿನ ಸಂಜೆ ಅವನ ಅಂಗಡಿಯ ಮೂಲೆಯ ತೊಟ್ಟಿಯಲ್ಲಿ ಗದಿಗೆಪ್ಪನಿಗೆ ಆ ಮೀನು ಕಂಡಿತು. ಅಂಗೈ ಅಗಲದ್ದು, ಕಾಗದದಷ್ಟು ತೆಳ್ಳಗಿನದು. ಬೆಳ್ಳಿಯಂಥ ಮೈಮೇಲೆ ತಾಮ್ರದ ಬಣ್ಣದ ಅಡ್ಡಪಟ್ಟೆಗಳು. ಮುಂದಕ್ಕೆ ಚಿಮಟಿಗೆಯ ಹಾಗೆ ಚಾಚಿದ ಉದ್ದ ಮೂತಿ. ಹಿಂದೆ, ಬಾಲದ ಹತ್ತಿರ, ಕಣ್ಣಿನ ಹಾಗೇ ಕಾಣುವ ಒಂದು ಕಪ್ಪು ಬೊಟ್ಟು. ಕಾಪರ್‌ಬ್ಯಾಂಡ್ ಎಂದು ಅದರ ಹೆಸರು. ಅದು ಗದಿಗೆಪ್ಪನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಇವನೇನು ಮಹಾ ಎನ್ನುವ ಹಾಗೆ ಮೂತಿ ತಿರುಗಿಸಿಕೊಂಡು ಹೋಯಿತು. ಗದಿಗೆಪ್ಪ ಅಲ್ಲಿಯೇ ಅದರ ಮೋಹಕ್ಕೆ ಬಿದ್ದುಹೋದ.

"ಅದು ಬೇಡ ಸಾರ್" ಎಂದ ದೂಜ. "ಅದಕ್ಕೆ ಸೊಕ್ಕು ಜಾಸ್ತಿ. ಊಟಕ್ಕೆ ಹಟ ಮಾಡ್ತದೆ. ಇಲ್ಲಿ ಒಂದೆರಡು ಹುಳ ತಿಂದದೆ, ನಿಮ್ಮಲ್ಲಿ ತಿಂತದೆ ಅಂತ ನಾನು ಹೇಳುದಿಲ್ಲ. ಆಮೇಲೆ ಸತ್ತಿತು ಅಂತ ಅಳ್ಳಿಕ್ಕೆ ಬಂದ್ರೆ ನನ್ನಲ್ಲಿ ಕೂತ್ಕೊಳ್ಳಿಕ್ಕೆ ಕುರ್ಚಿ ಸಹ ಇಲ್ಲ ಮಾರಾಯ್ರೆ."

"ನೀರ ಪರ್ಫೆಕ್ಟ್ ಇದ್ರ ಯಾವ ಮೀನರೆ ಯಾಕ ಉಣ್ಣೂದಿಲ್ಲ?" ಎಂದ ಗದಿಗೆಪ್ಪ.

"ನಿಮ್ಮ ನೀರು ಪರ್ಫೆಕ್ಟ್ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ?"

ಗೊತ್ತಾಗಲಿಲ್ಲ. ಮನೆಗೆ ಬಂದ ಮೀನು ಮೊದಲ ದಿನ ಬಂಡೆಯ ಹಿಂದೆ ಹೋಗಿ ನಿಂತಿತು. ಎರಡನೆಯ ದಿನ ಹೊರಗೆ ಬಂದು ತೊಟ್ಟಿಯ ಉದ್ದಗಲ ತಪಾಸಣೆ ಮಾಡಿತು. ಕಾಳಿನಂಥ ತಿನಿಸು ಹಾಕಿದರೆ ಅದರ ಹತ್ತಿರ ಹೋಗಿ, ಮೂತಿ ಒಡ್ಡಿ, ನೋಡಿ, ಬಿಟ್ಟು ಬಂತು. ಹಾಳೆಯಂಥ ತಿನಿಸು ಹಾಕಿದರೆ ಅದನ್ನೂ ನೋಡಿತು. ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೊಟ್ಟರೆ ರುಚಿ ಹತ್ತುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಗದಿಗೆಪ್ಪ ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಜಜ್ಜತೊಡಗಿದಾಗ ಹೆಂಡತಿ ದಾನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಗ್ಗರಣಿ ಹಾಕ್ಲೇನು ಹಂಗಾರ? ಜೀರಗಿ, ಕರಿಬೇವು?"

"ಚ್ಯಾಷ್ಟಿ ಮಾಡಬ್ಯಾಡ. ಮೂರು ದಿನಾತು, ಹೊಟ್ಟಿಗಿಲ್ಲ ಅದಕ್ಕ."

"ನೀವೂ ಹಂಗ ಮಾಡಿದ್ರಲ್ಲ, ಮೊದಲ ದೀಪಾವಳಿಗೆ ನಮ್ಮ ಮನಿಗೆ ಬಂದಾಗ. ವಾಚ್ ಕೊಡ್ಲಿಲ್ಲಂತ ಎರಡು ದಿನ ಹೋಳಿಗಿ ಮುಟ್ಟಲಿಲ್ಲ. ನಮ್ಮಪ್ಪ ಬಿಜಾಪುರಕ್ಕ ಹೋಗಿ ವಾಚ್ ತಂದ ಮ್ಯಾಲ ಹದಿನಾರು ಹೋಳಿಗಿ ಉಂಡ್ರಿ. ಅಳಿಯಂದಿರ ಜಾತೀನ ಅಂಥಾದ್ದು."

ಅಂದಿನಿಂದ ಮೀನಿನ ಹೆಸರು ಅಳಿಯ ಎಂದಾಯಿತು. ದಾನವ್ವ ದಿನಾ ಸಂಜೆ "ಅಳಿಯಂದ್ರು ಉಂಡ್ರೇನು?" ಎಂದು ಕೇಳುತ್ತಿದ್ದಳು. ಬಾಂದ್ರಾದ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ನೇತ್ರಾಗೆ ಮಾತ್ರ ಇದು ಸರಿಬರಲಿಲ್ಲ. "ಮಮ್ಮಿ, ಪ್ಲೀಸ್. ನಂದು ಮ್ಯಾರೇಜ್ ಆಗಿಲ್ಲ ಇನ್ನೂ. ಮೀನಿಗೆ ಅಳಿಯಾ ಅಂದ್ರೆ ನನಗೆ ಅಜೀಬ್ ಅನಸ್ತದ."

"ನಿನಗ ತೋರಿಸಿದ ವರಗೋಳಿಗಿಂತ ಇದs ಚಂದ ಅದ ಬಿಡು" ಎಂದಳು ದಾನವ್ವ.

ಆರನೆಯ ದಿನಕ್ಕೆ ಅಳಿಯನ ಹೊಟ್ಟೆ ಒಳಕ್ಕೆ ಹೋಯಿತು, ತಲೆಯ ಹಿಂದೆ ಗುಳಿ ಬಿತ್ತು. ಗದಿಗೆಪ್ಪ ದೂಜನ ಅಂಗಡಿಗೆ ಓಡಿದ.

"ಒಂದೇ ದಾರಿ ಇರುದು" ಎಂದ ದೂಜ. "ಮರುವಾಯಿ ಕೊಡಿ. ಚಿಪ್ಪು. ಇಲ್ಲಿಯವರು ತಿಸ್ರ್ಯಾ ಅಂತಾರಲ್ಲ, ಅದು. ಮೀನು ಮಾರ್ಕೆಟಲ್ಲಿ ಜೀವ ಇದ್ದದ್ದೇ ಸಿಗ್ತದೆ. ಚಾಕು ಹಾಕಿ ಬಾಯಿ ಬಿಡಿಸಿ, ಅರ್ಧ ಚಿಪ್ಪನ್ನು ಹಾಗೇ ಕಲ್ಲಿನ ಮೇಲೆ ಇಡಿ."

"ನಾನs?"

"ಮತ್ತೆ ನಾನು ಘಾಟ್ಕೋಪರಿಗೆ ಬಂದು ಇಟ್ಟು ಹೋಗ್ಬೇಕಾ?"

"ದೂಜಣ್ಣ, ನಾವು ಲಿಂಗಾಯತ್ರು."

"ನೀವು ಲಿಂಗಾಯತರು ಸಾರ್. ಮೀನು ಅಲ್ಲ."

ಈ ಮಾತಿಗೆ ತಕ್ಕ ಉತ್ತರವನ್ನು ಗದಿಗೆಪ್ಪ ಮೆಟ್ರೋದಲ್ಲಿ ಕೂತು ಘಾಟ್ಕೋಪರ್ ಬರುವತನಕ ಹುಡುಕಿದ.

ಮರುದಿನ ರವಿವಾರ. ಗದಿಗೆಪ್ಪ ಜೀವನದಲ್ಲಿ ಮೊದಲ ಸಲ ಮೀನು ಮಾರ್ಕೆಟ್ಟಿಗೆ ಹೋದ. ಹೋಗುವ ಮುಂಚೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬನಿಯನ್ನಿನೊಳಗೆ ತಳ್ಳಿ, ಅದರ ಮೇಲೆ ಅಂಗಿಯ ಗುಂಡಿಗಳನ್ನು ಗಂಟಲತನಕ ಹಾಕಿಕೊಂಡ. ಹತ್ತು ನಿಮಿಷ ಹೊರಗಿನ ಕೊತ್ತಂಬರಿಯವನ ಪಕ್ಕ ನಿಂತ. ಬೇಡದ ಎರಡು ಕಟ್ಟು ಕೊತ್ತಂಬರಿ ಕೊಂಡ. ಆಮೇಲೆ ಉಸಿರು ಬಿಗಿಹಿಡಿದು ಒಳಗೆ ಹೋಗಿ, ಮೊದಲು ಕಂಡ ಮೀನುಗಾರ್ತಿಯ ಮುಂದೆ ನಿಂತು "ತಿಸ್ರ್ಯಾ, ಚಾರ್" ಎಂದ.

ಆಕೆಯ ಹೆಸರು ಸೋನಾಲಿ. ಮೂಗಿನಲ್ಲಿ ನತ್ತು, ಕೈಯಲ್ಲಿ ಮೊಳದುದ್ದದ ಕತ್ತಿ. "ಚಾರ್ ಕಿಲೋ?" ಎಂದು ಕೇಳಿದಳು.

"ಚಾರ್ ನಗ್."

ನಾಲ್ಕೇ ನಾಲ್ಕು ಚಿಪ್ಪು! ನಾಲ್ಕು ಚಿಪ್ಪಿನಲ್ಲಿ ಮನೆಯಲ್ಲಿ ಯಾರ ಹೊಟ್ಟೆ ತುಂಬುತ್ತದೆ ಕಾಕಾ ಎಂದು ಅವಳು ಮರಾಠಿಯಲ್ಲಿ ವಿಚಾರಿಸಿದಳು. ಸುಳ್ಳು ಹೇಳಿ ರೂಢಿಯಿಲ್ಲದ ಗದಿಗೆಪ್ಪ "ಮೀನಿಗೆ" ಎಂದುಬಿಟ್ಟ. ಸೋನಾಲಿ ಕತ್ತಿ ಕೆಳಗಿಟ್ಟಳು. ಎಲ್ಲರೂ ಇಲ್ಲಿ ಮೀನು ತಿನ್ನುವುದಕ್ಕೆ ಬರುತ್ತಾರೆ, ಈ ಕಾಕಾ ಮೀನಿಗೆ ಉಣ್ಣಿಸುವುದಕ್ಕೆ ಬಂದಿದ್ದಾರೆ ನೋಡ್ರೇ ಎಂದು ಅವಳು ಕೂಗಿದ ಮೇಲೆ ಆ ಸಾಲಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಇದ್ದವನು ಒಬ್ಬನೇ. ಪಕ್ಕದ ಕಟ್ಟೆಯಲ್ಲಿ ಸಿಗಡಿ ಕೊಳ್ಳುತ್ತಿದ್ದ ಒಬ್ಬ ಮನುಷ್ಯ, ತಲೆಗೆ ಹೆಲ್ಮೆಟ್, ಗಾಜು ಕೆಳಗೆ ಎಳೆದದ್ದು. ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಗಣಪತಿಯ ಆರತಿ. ಆ ಆರತಿಯನ್ನು ಗದಿಗೆಪ್ಪ ಲಿಫ್ಟಿನಲ್ಲಿ ನೂರು ಸಲ ಕೇಳಿದ್ದ. ಅವನದೇ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಕಾಶಿನಾಥ, ಬೆಳಗಾವಿಯವನು, ಸೊಸೈಟಿ ಕಮಿಟಿಯ ಮೆಂಬರು. ಕಾಶಿನಾಥನಿಗೆ ಸ್ಕೂಟರ್ ಇರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ ಎಂದು ಇಬ್ಬರೂ ತೀರ್ಮಾನ ಮಾಡಿಕೊಂಡು ಬೇರೆ ಬೇರೆ ಬಾಗಿಲಿನಿಂದ ಹೊರಬಿದ್ದರು.

ಹೆಲ್ಮೆಟ್ಟಿಗೆ ಕಾರಣ ಇತ್ತು. ಆ ಬಿಲ್ಡಿಂಗಿನಲ್ಲಿ ಬರೆದಿಡದ ಒಂದು ಕಾಯಿದೆ ಇತ್ತು: ಮೀನು, ಮಾಂಸ, ಮೊಟ್ಟೆ ಗೇಟಿನೊಳಗೆ ಬರಕೂಡದು. ಗದಿಗೆಪ್ಪನಿಗೆ ಅಲ್ಲಿ ಫ್ಲ್ಯಾಟು ಸಿಕ್ಕದ್ದೇ ಅವನ ಕುಲದ ಬಲದಿಂದ. ಸೆಕ್ರೆಟರಿ ಹಿತೇಶ್ ಭಾಯಿ ಆವತ್ತು ಕೇಳಿದ್ದು ಒಂದೇ ಪ್ರಶ್ನೆ, ಮೊಟ್ಟೆ ತಿನ್ನುತ್ತೀರಾ ಎಂದು. ಆ ಪ್ರಶ್ನೆಗೇ ಸಿಟ್ಟಾಗಿ ದಾನವ್ವ ಒಂದು ವಾರ ಅವನಿಗೆ ಮುಖ ತೋರಿಸಿರಲಿಲ್ಲ.

ಮನೆಗೆ ಬಂದ ಗದಿಗೆಪ್ಪ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಚಿಪ್ಪು ಬಿಡಿಸಿದ. ಗೇಜಿನ ಮುಳ್ಳನ್ನು ಕೂದಲೆಳೆಯಷ್ಟು ಸರಿಸಬಲ್ಲ ಕೈ ಅದು. ಆ ಸಣ್ಣ ಪ್ರಾಣಿಯ ಎದುರು ಮಾತ್ರ ಚಾಕು ಜಾರಿ, ಹೆಬ್ಬೆರಳು ಕೊಯ್ದುಕೊಂಡ. ಶಿವಶಿವಾ ಎಂದು ಮೂರು ಸಲ ಅಂದ. ಒಂದು ಚಿಪ್ಪಿನ ಅರ್ಧವನ್ನು ಇಕ್ಕಳದಲ್ಲಿ ಹಿಡಿದು ನಿಧಾನ ತೊಟ್ಟಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದ.

ಅಳಿಯ ಬಂದ. ಚಿಪ್ಪಿನ ಸುತ್ತ ಒಂದು ಸುತ್ತು ಹಾಕಿದ. ಮೈ ವಾಲಿಸಿ ಒಂದು ಕಣ್ಣಿನಿಂದ ನೋಡಿದ, ಆಚೆ ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿದ. ಆ ಉದ್ದ ಮೂತಿ ಸರಕ್ಕನೆ ಚಿಪ್ಪಿನೊಳಗೆ ಹೋಯಿತು. ಒಂದು ಎಳೆ ಕಿತ್ತುಕೊಂಡಿತು. ಮತ್ತೆ ಹೋಯಿತು.

"ಉಂಡ! ಏ, ಉಂಡ!" ಗದಿಗೆಪ್ಪ ಕೂಗಿಕೊಂಡ. ನೇತ್ರಾಳ ಹತ್ತನೆಯ ತರಗತಿಯ ರಿಸಲ್ಟಿನ ದಿನವೂ ಅವನು ಹೀಗೆ ಕೂಗಿರಲಿಲ್ಲ. ದಾನವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು, ಬಗ್ಗಿ ನೋಡಿದಳು, ತಾನು ಓಡಿ ಬಂದದ್ದು ನೆನಪಾಗಿ ಸೆರಗು ಮೂಗಿಗೆ ಹಿಡಿದುಕೊಂಡಳು.

"ಆ ಹೊಲಸ ನನ್ನ ಫ್ರಿಜ್‌ನ್ಯಾಗ ಇಡೂದಿಲ್ಲ. ಮೊದಲs ಹೇಳ್ತೀನಿ. ಮಾರ್ಕೆಟ್ಟಿನಿಂದ ಬಂದ್ರ ಒಮ್ಮಿ ಜಳಕ, ಚಿಪ್ಪ ಬಿಡಿಸಿದ ಮ್ಯಾಲ ಒಮ್ಮಿ ಜಳಕ. ಆಮ್ಯಾಲ ಪೂಜಿ."

ಹೀಗೆ ಗದಿಗೆಪ್ಪನಿಗೆ ದಿನಕ್ಕೆ ಎರಡು, ಮಾರ್ಕೆಟ್ಟಿಗೆ ಹೋದ ದಿನ ಮೂರು ಜಳಕ ಗಂಟುಬಿದ್ದವು. ಚಿಪ್ಪುಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫ ಹಾಕಿ, ಒದ್ದೆ ಬಟ್ಟೆ ಸುತ್ತಿ, ಬಾಲ್ಕನಿಯಲ್ಲಿ ಇಟ್ಟ. ದಿನ ಬಿಟ್ಟು ದಿನ ಸೋನಾಲಿಯ ಕಟ್ಟೆ. ಅವಳು ಅವನನ್ನು "ಮೀನಿನ ಅಪ್ಪ" ಎಂದು ಕರೆಯತೊಡಗಿದಳು. ಅಳಿಯನ ಮೈಗೆ ಮಾಂಸ ಹತ್ತಿತು. ಗದಿಗೆಪ್ಪನ ಬಿಪಿ ಮಾತ್ರ ಇದ್ದಲ್ಲಿಯೇ ಇತ್ತು. ತೊಟ್ಟಿಯ ಮುಂದೆ ಕೂತರೆ ಅವನು ಶಾಂತವಾಗಿ ನೋಡುತ್ತಿರಲಿಲ್ಲ, ಉಸಿರು ಹಿಡಿದು ಕಾಯುತ್ತಿದ್ದ.

ಹೋಳಿ ಮುಗಿದ ಮೇಲೆ ಸೆಕೆ ಏರಿತು. ಒಂದು ದಿನ ಡಬ್ಬಿಯಿಂದ ತೆಗೆಯುವಾಗ ಒಂದು ಚಿಪ್ಪು ಜಾರಿ, ಉರುಳಿ, ಬಾಲ್ಕನಿಯ ಎಸಿ ಯಂತ್ರದ ಹಿಂದೆ ಸೇರಿಕೊಂಡಿತು. ಎಲ್ಲವನ್ನೂ ಅಳೆಯುವ ಗದಿಗೆಪ್ಪನ ಲೆಕ್ಕಕ್ಕೆ ಅದೊಂದು ಸಿಗಲಿಲ್ಲ. ಎರಡು ದಿನ ಕಳೆಯಿತು. ಮೂರನೆಯ ದಿನ ಅದು ತಾನೇ ಬಾಯಿ ಬಿಟ್ಟು ತನ್ನ ಇರುವನ್ನು ಇಡೀ ಬಿಲ್ಡಿಂಗಿಗೆ ಸಾರಿತು. ನಾತ ಅವನ ನಾಲ್ಕನೆಯ ಮಾಳಿಗೆಯಿಂದ ಏಳನೆಯ ಮಾಳಿಗೆಯತನಕ ಏರಿತು. ಐದನೆಯ ಮಾಳಿಗೆಯ ಅಜ್ಜಿಯೊಬ್ಬರು ಉಪವಾಸ ಮುರಿಯದೆ ವಾಂತಿ ಮಾಡಿಕೊಂಡರು. ಗದಿಗೆಪ್ಪ ಮೊಣಕಾಲೂರಿ ಹುಡುಕಿ ಅದನ್ನು ಹೊರಗೆ ಎಳೆಯುವುದಕ್ಕೂ ಡೋರ್‌ಬೆಲ್ಲು ಆಗುವುದಕ್ಕೂ ಸರಿಹೋಯಿತು. ನೇತ್ರಾ ಬಾಗಿಲು ತೆರೆದಳು. ಹಿತೇಶ್ ಭಾಯಿ, ಅವನ ಹಿಂದೆ ಮೂಗಿಗೆ ಕರ್ಚೀಫು ಹಿಡಿದ ಕಾಶಿನಾಥ, ಅವನ ಹಿಂದೆ ವಾಚ್‌ಮನ್. ಗದಿಗೆಪ್ಪ ಬಾಲ್ಕನಿಯಿಂದ ಒಳಗೆ ಬಂದ. ಅವನ ಕೈಯಲ್ಲಿ ಚಿಪ್ಪಿತ್ತು.

"ಗದಿಗೆ ಭಾಯ್" ಎಂದ ಹಿತೇಶ್, ಸಿಟ್ಟಿಗಿಂತ ಹೆಚ್ಚು ದುಃಖದಲ್ಲಿ. "ಆಪ್ ಭೀ?"

ಗದಿಗೆಪ್ಪ ತನಗೆ ಬಂದಷ್ಟು ಹಿಂದಿಯಲ್ಲಿ ವಿವರಿಸಿದ. ನಾವು ತಿನ್ನುವುದಿಲ್ಲ, ಮೀನು ತಿನ್ನುತ್ತದೆ. ಹಿತೇಶ್ ಅವನನ್ನು ನೋಡಿದ, ತೊಟ್ಟಿ ನೋಡಿದ. ಹಾಗಾದರೆ ತಿನ್ನಿಸಿ ತೋರಿಸಿ ಎಂದ. ಮೂವರೂ ಸೋಫಾದಲ್ಲಿ ಕೂತರು.

ಗದಿಗೆಪ್ಪ ಹೊಸ ಚಿಪ್ಪು ಬಿಡಿಸಿ ಕಲ್ಲಿನ ಮೇಲಿಟ್ಟ. ಅಳಿಯ ಅಪರಿಚಿತರನ್ನು ಕಂಡು ಬಂಡೆಯ ಹಿಂದೆ ನುಗ್ಗಿದ. ಹೊರಗೆ ಕಾಣುತ್ತಿದ್ದದ್ದು ಹಿಂಭಾಗ, ಅದರ ಮೇಲಿನ ಕಪ್ಪು ಬೊಟ್ಟು. ಐದು ನಿಮಿಷ ಆಯಿತು. ಹದಿನೈದಾಯಿತು. ಹಿತೇಶ್ ಗಾಜಿನ ಹತ್ತಿರ ಹೋಗಿ, ಬಗ್ಗಿ, ಆ ಬೊಟ್ಟನ್ನೇ ದಿಟ್ಟಿಸಿದ. ಬೊಟ್ಟೂ ಅವನನ್ನು ದಿಟ್ಟಿಸಿತು.

"ಯೇ ತೋ ಖಾತಾ ನಹೀಂ. ಬಸ್ ಮೇರೇಕೋ ದೇಖತಾ ಹೈ." ತಿನ್ನುವುದು ಬಿಟ್ಟು ತನ್ನನ್ನೇ ನೋಡುತ್ತಿದೆ ಎಂದು ಅವನ ತಕರಾರು.

"ಹಿತೇಶ್ ಭಾಯ್" ಎಂದ ಗದಿಗೆಪ್ಪ ಸಂಕೋಚದಿಂದ, "ವೋ ಉಸಕಾ ಪೀಛೂ ಹೈ."

ನೇತ್ರಾ ನಗು ತಡೆಯಲಾರದೆ ಒಳಗೆ ಓಡಿದಳು. ಅಷ್ಟು ಹೊತ್ತು ಮೀನಿನ ಅಂಡಿನ ಜೊತೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ ಸೆಕ್ರೆಟರಿಯ ಮುಖ ಕೆಂಪಾಯಿತು. ಆಗ ಕಾಶಿನಾಥ ಎದ್ದು ನಿಂತ. ಮಾರ್ಕೆಟ್ಟಿನ ಆ ರವಿವಾರದಿಂದ ಅವನಿಗೆ ಹೆದರಿಕೆ. ಗದಿಗೆಪ್ಪ ಎಲ್ಲಿ ಬಾಯಿ ಬಿಡುತ್ತಾನೋ ಎಂದು ತಾನೇ ಮೊದಲು ಬಾಯಿ ಬಿಟ್ಟ. ಮೀನು ಬರೀ ನೆಪ ಇರಬಹುದು, ಅಡುಗೆಮನೆಯಲ್ಲಿ ಏನು ಬೇಯುತ್ತದೋ ಯಾರಿಗೆ ಗೊತ್ತು, ಇಂಥವರನ್ನು ಬಿಲ್ಡಿಂಗಿನಲ್ಲಿ ಇಟ್ಟುಕೊಂಡರೆ ಎಲ್ಲರ ಧರ್ಮ ಕೆಡುತ್ತದೆ ಎಂದು ಹಿಂದಿಯಲ್ಲಿ ಭಾಷಣ ಮಾಡಿದ.

ಅಡುಗೆಮನೆ ಎಂಬ ಶಬ್ದ ದಾನವ್ವನ ಕಿವಿಗೆ ಬಿತ್ತು.

"ಏನಂದ್ರಿ?" ಅವಳು ಕುಕ್ಕರು ಎತ್ತಿಕೊಂಡೇ ಹೊರಗೆ ಬಂದಳು. "ಬರ್ರಿ ಒಳಗ. ಬರ್ರಿ ಅಂತೀನಿ! ಒಂದೊಂದ ಡಬ್ಬಿ ತಗದ ಮೂಸಿ ನೋಡ್ರಿ. ನನ್ನ ಮನಿ ಬ್ಯಾಳಿಯೊಳಗ ಏನೂ ಸಿಗಲಿಲ್ಲಂದ್ರ ಈ ಕುಕ್ಕರ್ ನಿಮ್ಮ ತಲಿ ಮ್ಯಾಲ ಹಾಕ್ಕೊಂಡ ಹೋಗ್ರಿ!"

ಹಿತೇಶ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕುಕ್ಕರಿನ ದಿಕ್ಕು ತಿಳಿಯಿತು. ಅವನು ತೊಟ್ಟಿಯ ಮಗ್ಗುಲಿಗೆ ಸರಿದ. ಗದಿಗೆಪ್ಪ ಕಾಶಿನಾಥನ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, ಕನ್ನಡದಲ್ಲಿ ಕೇಳಿದ.

"ಕಾಶಿನಾಥರ, ಆ ಹೆಲ್ಮೆಟ್ ಎಲ್ಲೆ ತೊಗೊಂಡ್ರಿ? ಈ ಬ್ಯಾಸಿಗಿಯೊಳಗ ಅದನ್ನ ಹಾಕ್ಕೊಂಡ ಸಿಗಡಿ ಆರಿಸೂದಂದ್ರ ಭಾಳ ಸೆಕಿ ಆಗ್ತಿರಬೇಕು."

ಕಾಶಿನಾಥನ ಕರ್ಚೀಫು ಮೂಗಿನಿಂದ ಹಣೆಗೆ ಹೋಯಿತು.

"ಕ್ಯಾ ಬೋಲಾ?" ಎಂದ ಹಿತೇಶ್.

"ತಬಿಯತ್ ಪೂಛಾ" ಎಂದ ಕಾಶಿನಾಥ, ಬರೀ ಆರೋಗ್ಯ ವಿಚಾರಿಸಿದರು ಎನ್ನುವ ಹಾಗೆ. ಮುಂದಿನ ಉಸಿರಿನಲ್ಲಿಯೇ ಅವನ ಅಭಿಪ್ರಾಯ ಪೂರ್ತಿ ಬದಲಾಯಿತು. ವಿಚಾರ ಮಾಡಿ ನೋಡಿದರೆ ಗದಿಗೆಪ್ಪನವರ ಮನೆತನ ಎಂಥದು! ಈ ತಾಯಿಯ ಹಣೆಯ ಮೇಲಿನ ವಿಭೂತಿ ನೋಡಿ! ತಪ್ಪೆಲ್ಲ ಮೀನಿನದು, ಮನುಷ್ಯರದಲ್ಲ. ಅವನು ಹೇಳುತ್ತ ಹೋದ, ದಾನವ್ವ ಕುಕ್ಕರು ಹಿಡಿದು ಅವನ ಪಕ್ಕದಲ್ಲಿಯೇ ನಿಂತಿದ್ದಳು. ಗದಿಗೆಪ್ಪನಿಗೆ ಒಳಗೊಳಗೆ ನಾಚಿಕೆಯೇನೂ ಆಗಲಿಲ್ಲ. ಸುಳ್ಳು ತೋರಿಸುವ ಮುಳ್ಳಿಗೆ ಒಂದು ಸಣ್ಣ ಪೆಟ್ಟು ಕೊಟ್ಟರೆ ತಾನಾಗಿ ಸರಿಯಾದ ಅಂಕಿಗೆ ಬಂದು ನಿಲ್ಲುತ್ತದೆಂದು ಅವನು ದಿನಾ ನೋಡುತ್ತಿದ್ದವನು.

ಈ ಗದ್ದಲದಲ್ಲಿ ತೊಟ್ಟಿಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಅಳಿಯನಿಗೆ ಬೇಕಾದದ್ದು ಅದೇ. ಅವನು ಮೆಲ್ಲಗೆ ಹೊರಗೆ ಬಂದು, ಬೆಳಕಿನಲ್ಲಿ ಒಮ್ಮೆ ಮೈ ಹೊಳೆಯಿಸಿ, ಊಟಕ್ಕೆ ಕೂತ. ನೋಡಿದವನು ಹಿತೇಶ್ ಒಬ್ಬನೇ. ಅವನು ಮಾತು ನಿಲ್ಲಿಸಿ ಎಂದು ಕೈಯೆತ್ತಿದ. ಎಲ್ಲರೂ ತಿರುಗಿದರು. ಹಿತೇಶ್ ಗಾಜಿಗೆ ಮೂಗು ತಾಗಿಸಿ ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು, ಜಪವೋ ಎಣಿಕೆಯೋ ತಿಳಿಯಲಿಲ್ಲ. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ ಅವನು. ಕಣ್ಣೆದುರು ಒಂದು ಜೀವ ಇನ್ನೊಂದು ಜೀವವನ್ನು ಎಳೆ ಎಳೆಯಾಗಿ ತಿನ್ನುತ್ತಿತ್ತು, ಮತ್ತು ತಿನ್ನುವುದು ಅಷ್ಟು ಚಂದ ಕಾಣುತ್ತಿತ್ತು.

"ನಹೀಂ ದೇಂಗೇ ತೋ?" ಎಂದು, ಕೊಡದೇ ಹೋದರೆ ಏನಾಗುತ್ತದೆಂದು ಕೇಳಿದ.

"ಮರ್ ಜಾಯೇಗಾ" ಎಂದ ಗದಿಗೆಪ್ಪ.

ಹಿತೇಶ್ ಗಾಜಿನಿಂದ ಮೂಗು ತೆಗೆದ. "ಭೂಖಾ ಮಾರನಾ ಭೀ ಹಿಂಸಾ ಹೈ" ಎಂದು, ಉಪವಾಸ ಕೆಡವಿ ಕೊಲ್ಲುವುದೂ ಹಿಂಸೆಯೇ ಎಂದು, ತನಗೆ ತಾನೇ ಹೇಳಿಕೊಂಡ.

ಮುಂದಿನ ರವಿವಾರದ ಸೊಸೈಟಿ ಮೀಟಿಂಗಿನಲ್ಲಿ ಅವನು ರಿಜಿಸ್ಟರಿನಲ್ಲಿ ಬರೆಸಿದ್ದು ಹೀಗೆ: ಫ್ಲ್ಯಾಟ್ ನಂಬರ್ ನಾಲ್ಕುನೂರ ಮೂರರ ಸದಸ್ಯರು ಶುದ್ಧ ಶಾಕಾಹಾರಿಗಳು. ಅವರ ಮೀನು ಮಾಂಸಾಹಾರಿ. ಮೀನು ಸೊಸೈಟಿಯ ಸದಸ್ಯನಲ್ಲವಾದ್ದರಿಂದ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅದರ ಆಹಾರವನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಲಿಫ್ಟ್ ಬಳಸದೆ, ಮೆಟ್ಟಿಲಿನ ಮೇಲೆ ತರತಕ್ಕದ್ದು. ಅನುಮೋದಕರು, ಶ್ರೀ ಕಾಶಿನಾಥ.

ನಾಲ್ಕು ಮಾಳಿಗೆ ಮೆಟ್ಟಿಲು ಹತ್ತಿ ಇಳಿದು ಗದಿಗೆಪ್ಪನ ಬಿಪಿ ಇಳಿಯಿತು. ಡಾಕ್ಟರು ಮೀನಿನ ಉಪಾಯ ಫಲಿಸಿತು ಎಂದು ಬೀಗಿದರು.

ಜೂನಿನಲ್ಲಿ ಕಂಪನಿ ಅವನನ್ನು ಗುಜರಾತಿನ ಒಂದು ಕಾರ್ಖಾನೆಗೆ ಹತ್ತು ದಿನ ಕಳಿಸಿತು. ಅಲ್ಲಿ ಮುನ್ನೂರು ಗೇಜುಗಳು ಅವನ ದಾರಿ ಕಾಯುತ್ತಿದ್ದವು. ಗದಿಗೆಪ್ಪ ಎರಡು ದಿನ ನೇತ್ರಾಗೆ ತರಬೇತಿ ಕೊಟ್ಟ, ಮೂರು ಪುಟ ಸೂಚನೆ ಬರೆದಿಟ್ಟ. ರೈಲು ಬೋರಿವಲಿ ದಾಟುವುದರೊಳಗೆ ನೇತ್ರಾಳ ಫೋನು ಬಂತು, ಆಫೀಸಿನಲ್ಲಿ ಅರ್ಜೆಂಟು, ವಾರವಿಡೀ ತಡವಾಗುತ್ತದೆ. ಗದಿಗೆಪ್ಪ ಹೆಂಡತಿಗೆ ಫೋನು ಮಾಡಿದ. "ನೀ ಮುಟ್ಟೂದ ಬ್ಯಾಡ. ಕಾಶಿನಾಥಗ ಹೇಳ್ತೀನಿ, ಬಂದು ಹಾಕಿ ಹೋಗ್ತಾನ."

"ಆ ಮನಷ್ಯಾ ನನ್ನ ಮನಿಯೊಳಗ ಕಾಲಿಡೂದ ಬ್ಯಾಡ" ಎಂದು ದಾನವ್ವ ಫೋನು ಇಟ್ಟುಬಿಟ್ಟಳು.

ಎಂಟು ದಿನ ಅವನು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಬಂತು: "ಅದಾನ." ಉಂಡನೋ ಇಲ್ಲವೋ ಹೇಳುತ್ತಿರಲಿಲ್ಲ. ಒಂಬತ್ತನೆಯ ದಿನ ನೇತ್ರಾ ಒಂದು ವಿಡಿಯೋ ಕಳಿಸಿದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಗದಿಗೆಪ್ಪ ಅದನ್ನು ನಾಲ್ಕು ಸಲ ನೋಡಿದ. ದಾನವ್ವ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಮೂಗಿಗೆ ಸೆರಗು ಬಿಗಿಯಾಗಿ ಕಟ್ಟಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಮೊಣಕೈತನಕ ಪ್ಲಾಸ್ಟಿಕ್ ಚೀಲ ಸುತ್ತಿದ ಕೈ ನೀರಿನೊಳಗೆ ಇತ್ತು. ಬೆರಳ ತುದಿಯಲ್ಲಿ ಚಿಪ್ಪು. ಅಳಿಯ ಆ ಚಿಪ್ಪಿನಿಂದ, ಅವಳ ಕೈಯಿಂದಲೇ, ಕಿತ್ತು ಕಿತ್ತು ತಿನ್ನುತ್ತಿದ್ದ. "ಸಾವಕಾಶ ಉಣ್ಣೋ, ಯಾರೂ ಕಸಗೊಳ್ಳೂದಿಲ್ಲ" ಎನ್ನುತ್ತಿದ್ದಳು ದಾನವ್ವ. ಹಿಂದಿನಿಂದ ನೇತ್ರಾಳ ನಗು ಕೇಳಿಸುತ್ತಿತ್ತು.

ಗದಿಗೆಪ್ಪನ ಕೈಯಿಂದ ಆ ಮೀನು ಒಮ್ಮೆಯೂ ತಿಂದಿರಲಿಲ್ಲ. ಅವನು ಚಿಪ್ಪಿಟ್ಟು ಆರಡಿ ಹಿಂದೆ ಸರಿಯಬೇಕಿತ್ತು.

ಮನೆಗೆ ಬಂದವನು ಬ್ಯಾಗು ಕೆಳಗಿಡದೆ ತೊಟ್ಟಿಯ ಮುಂದೆ ಹೋದ. ಅಳಿಯ ಅವನನ್ನು ನೋಡಿ ಬಂಡೆಯ ಹಿಂದೆ ನುಗ್ಗಿದ. ಅಡುಗೆಮನೆಯಿಂದ ದಾನವ್ವನ ಬಳೆ ಸದ್ದಾದ ಕೂಡಲೇ ಹೊರಗೆ ಬಂದು, ಆ ಕಡೆಯ ಗಾಜಿಗೆ ಮೂತಿ ಹಚ್ಚಿ, ಮೇಲೆ ಕೆಳಗೆ ಕುಣಿಯತೊಡಗಿದ.

"ನನ್ನ ಗುರ್ತs ಇಲ್ಲ ನೋಡ ಇದಕ್ಕ" ಎಂದ ಗದಿಗೆಪ್ಪ. "ಇದರ ಸಲುವಾಗಿ ಎಷ್ಟ ಮಂದಿ ಕಡೆ ಮಾತ ಕೇಳೀನಿ ನಾ. ದಿನಾ ಎರಡೆರಡ ಜಳಕ ಮಾಡೀನಿ."

"ನೀವು ಅಳತಿ ನೋಡ್ತೀರಿ, ಅದರ ಮುಖ ನೋಡೂದಿಲ್ಲ" ಎಂದಳು ದಾನವ್ವ. "ಚಿಪ್ಪ ಎಲ್ಲಿಂದ ತಂದಿ ಅಂತ ಕೇಳಲಿಲ್ಲ?"

"ಎಲ್ಲಿಂದ ತಂದಿ?"

ಅವಳೇ ಹೋಗಿದ್ದಳು. ಮೊದಲ ದಿನ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ವಾಪಸು ಬಂದಿದ್ದಳು. ಎರಡನೆಯ ದಿನ ಮೀನು ಗಾಜಿಗೆ ಬಂದು ಬಂದು ನೋಡುವುದನ್ನು ತಡೆಯಲಾರದೆ ಮತ್ತೆ ಹೋಗಿ, ನತ್ತಿನ ಹೆಂಗಸನ್ನು ಕೇಳಿಕೊಂಡು ಹುಡುಕಿದ್ದಳು. ಸೋನಾಲಿ ಮೀನಿನ ಅಪ್ಪ ಎಲ್ಲಿ ಎಂದು ಕೇಳಿ, ಕಟ್ಟೆಯ ಮೇಲೆ ಜಾಗ ಮಾಡಿ ಕೂಡಿಸಿ, ಚಿಪ್ಪನ್ನು ಬೆರಳು ಕೊಯ್ದುಕೊಳ್ಳದೆ ಹೇಗೆ ಬಿಡಿಸುವುದೆಂದು ಕಲಿಸಿದ್ದಳು. ಅವಳಿಗೂ ಮದುವೆಗೆ ಬಂದ ಮಗಳಿದ್ದಳು. ಇಬ್ಬರೂ ಅರ್ಧ ತಾಸು ವರಗಳ ವಿಷಯ ಮಾತಾಡಿದ್ದರು.

"ಮತ್ತ ಜಳಕ?" ಎಂದು ಕೇಳಿದ ಗದಿಗೆಪ್ಪ.

"ಒಮ್ಮಿ ಮಾಡೀನಿ. ಎರಡೆರಡ ಸಲ ಯಾಕ ಮಾಡೂದು, ನೀರೇನ ಪುಕ್ಕಟೆ ಬರ್ತಾವೇನು?"

ಗದಿಗೆಪ್ಪ ಬಚ್ಚಲಮನೆಗೆ ಹೋಗಿ, ಕೈಕಾಲು ತೊಳೆದು, ಸ್ಟೀಲ್ ಡಬ್ಬಿ ತೆಗೆದು, ಅವತ್ತಿನ ಚಿಪ್ಪಿನ ಬಾಯಿಗೆ ಚಾಕು ಇಟ್ಟ. ದಾನವ್ವ ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

"ಹಂಗಲ್ಲರೀ. ಸಂದಿಯೊಳಗ ಬ್ಯಾಡ, ಹಿಂದಿನ ಗಂಟಿಗೆ ಹಚ್ಚರಿ. ತರ್ರಿ ಇಲ್ಲೆ, ಮತ್ತ ಬೆರಳ ಕೊಯ್ಕೋತೀರಿ."